ಸ್ಪ್ಯಾನಿಷ್ ಕ್ರಿಯಾಪದಕ್ಕೆ ಇಂಗ್ಲಿಷ್ ದಾರಿ ಯಾಕೆ ಬೇಕು?

ಕನ್ನಡ ಬರುವವರು ಸ್ಪ್ಯಾನಿಷ್ ಕ್ರಿಯಾಪದಗಳನ್ನು ಇಂಗ್ಲಿಷ್ ಮೂಲಕ ಕಲಿಯೋದು ದಂಡ. ಸ್ವಲ್ಪ ಜೋರಾಗಿಯೇ ಹೇಳ್ತಿದ್ದೀನಿ, ಆದರೆ ಹಿಂದೆ ಸರಿಯಲ್ಲ. ಫೋನಿನ ಆಪ್ ಆಗಲಿ, ಆನ್‌ಲೈನ್ ಕ್ಲಾಸ್ ಆಗಲಿ, ಅಂಗಡಿಯಲ್ಲಿ ಸಿಗುವ ಪುಸ್ತಕ ಆಗಲಿ, ಹೆಚ್ಚಿನವು ಇಂಗ್ಲಿಷ್ ಮಾತಾಡುವವರಿಗಾಗಿ ಮಾಡಿದವು. 'ಮಾಡುವವರು ಬದಲಾದರೆ ಕ್ರಿಯಾಪದದ ಬಾಲವೂ ಬದಲಾಗುತ್ತದೆ' ಅನ್ನೋದೇ ಅವರಿಗೆ ದೊಡ್ಡ ಆಶ್ಚರ್ಯ. ಅದನ್ನು ಅರಗಿಸಿಕೊಳ್ಳೋಕೇ ಅವರಿಗೆ ಪಾಠದ ಮೇಲೆ ಪಾಠ ಬೇಕು. ನಮಗೆ ಅದರಲ್ಲಿ ಆಶ್ಚರ್ಯ ಏನಿದೆ? ಮಾತು ಬಂದಾಗಿನಿಂದ ನಾವು ಮಾಡ್ತಿರೋದೇ ಅದು.

ನಾನು ದಾವಣಗೆರೆಯಲ್ಲಿ ಮನೆಯಿಂದಲೇ ಕೆಲಸ ಮಾಡುವವನು. ನಮ್ಮ ಟೀಮಿನ ಅರ್ಧ ಜನ ಮೆಕ್ಸಿಕೊದವರು. ಅವರ ಬೆಳಗು ನಮ್ಮ ರಾತ್ರಿ, ಹಾಗಾಗಿ ಹಗಲಲ್ಲಿ ನನಗೆ ಬಿಡುವು ಜಾಸ್ತಿ, ಆ ಬಿಡುವಿನಲ್ಲಿ ಎಪಿಎಂಸಿ ಯಾರ್ಡಿನಲ್ಲಿರುವ ದೊಡ್ಡಪ್ಪನ ಮಗನ ದಲ್ಲಾಳಿ ಅಂಗಡಿಗೆ ಹೋಗಿ ಕೂತಿರ್ತೀನಿ. ಅಕ್ಕನ ಮಗಳು ಸ್ಪೇನಿನಲ್ಲಿ ಓದಬೇಕು ಅಂತ ಡೆಲೆ ಅನ್ನುವ ಸ್ಪ್ಯಾನಿಷ್ ಭಾಷಾ ಪರೀಕ್ಷೆಯ ಮೊದಲ ಹಂತ ಎ1ಕ್ಕೆ ತಯಾರಾಗ್ತಿದ್ದಾಳೆ. ಅವಳೂ ಒಮ್ಮೊಮ್ಮೆ ಅಲ್ಲಿಗೇ ಬರ್ತಾಳೆ. ಒಂದು ಸಲ ಇಂಗ್ಲಿಷಿನಲ್ಲಿ ಬರೆದ ದೊಡ್ಡ ಪಟ್ಟಿಯೊಂದನ್ನು ಪ್ರಿಂಟ್ ತೆಗೆಸಿಕೊಂಡು ಬಂದಳು. "ಮಾಮ, ಮೂರು ಗುಂಪು, ಒಂದೊಂದಕ್ಕೆ ಆರು ರೂಪ, ಹದಿನೆಂಟು ಬಾಲ. ಇಷ್ಟೂ ಬಾಯಿಪಾಠ ಮಾಡ್ಬೇಕಾ?"

ಬೇಡ. ಯಾಕೆ ಬೇಡ ಅಂತ ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೀತಿದ್ದೀನಿ.

ಮೊದಲು ನಮ್ಮದನ್ನು ನೋಡಿ. ಮಾಡುತ್ತೇನೆ, ಮಾಡುತ್ತೀಯ, ಮಾಡುತ್ತಾನೆ, ಮಾಡುತ್ತಾಳೆ, ಮಾಡುತ್ತದೆ, ಮಾಡುತ್ತೇವೆ, ಮಾಡುತ್ತೀರಿ, ಮಾಡುತ್ತಾರೆ, ಮಾಡುತ್ತವೆ. ಒಂಬತ್ತು ರೂಪ. ನಮ್ಮೂರಿನ ಮಾತಿನಲ್ಲಿ 'ಮಾಡುತ್ತದೆ' ಹೋಗಿ 'ಮಾಡ್ತತಿ' ಆಗುತ್ತೆ, ಆದರೂ ಲೆಕ್ಕ ಒಂಬತ್ತೇ. ಯಾರಾದರೂ ಪಟ್ಟಿ ನೋಡಿ ಕಲಿತಿದ್ದೀವಾ? ಇಲ್ಲ. ಸ್ಪ್ಯಾನಿಷ್‌ನಲ್ಲಿರೋದು ಆರೇ ಆರು. ಲ್ಯಾಟಿನ್ ಅಮೆರಿಕದ ಮಟ್ಟಿಗೆ ಐದೇ ಸಾಕು, ಅದನ್ನು ಆಮೇಲೆ ಹೇಳ್ತೀನಿ.

ಈಗ ಅವರದು. ಸ್ಪ್ಯಾನಿಷ್ ನಿಘಂಟು ತೆಗೆದರೆ ಕ್ರಿಯಾಪದಗಳೆಲ್ಲ ಆರ್, ಏರ್, ಈರ್ ಈ ಮೂರರಲ್ಲಿ ಒಂದರಲ್ಲಿ ಮುಗಿಯುತ್ತವೆ. ಅಬ್ಲಾರ್ ಅಂದರೆ ಮಾತಾಡು. ಕೊಮೇರ್ ಅಂದರೆ ತಿನ್ನು. ಬಿಬೀರ್ ಅಂದರೆ ಬದುಕು, ವಾಸ ಮಾಡು. ಲ್ಯಾಟಿನ್ನಿನಲ್ಲಿ ಇಂಥ ಗುಂಪು ನಾಲ್ಕಿದ್ದವು, ಸ್ಪ್ಯಾನಿಷ್‌ಗೆ ಬರುವಷ್ಟರಲ್ಲಿ ಮೂರಾದವು. ಒಂದು ಮಾತು: ಈ ಬರಹದಲ್ಲಿ ಸ್ಪ್ಯಾನಿಷ್ ಪದ ಬರೆಯುವಾಗ ಎಲ್ಲಿ ಒತ್ತಿ ಹೇಳಬೇಕೋ ಅಲ್ಲಿ ದೀರ್ಘ ಹಾಕಿದ್ದೀನಿ. ಸ್ಪ್ಯಾನಿಷ್‌ನಲ್ಲಿ ನಮ್ಮ ಹಾಗೆ ಹ್ರಸ್ವ ದೀರ್ಘ ಇಲ್ಲ, ಒತ್ತು ಇದೆ. ಓದುವಾಗ ಆ ದೀರ್ಘವನ್ನು ಎಳೆಯಬೇಡಿ, ಸ್ವಲ್ಪ ಒತ್ತಿ ಹೇಳಿ ಅಷ್ಟೇ.

ವರ್ತಮಾನ ಕಾಲದಲ್ಲಿ ಅಬ್ಲಾರ್ ತಗೊಳ್ಳಿ. ನಾನು ಆಬ್ಲೊ, ನೀನು ಆಬ್ಲಸ್, ಅವನು ಅಥವಾ ಅವಳು ಆಬ್ಲ, ನಾವು ಅಬ್ಲಾಮೊಸ್, ನೀವೆಲ್ಲ ಅಬ್ಲಾಯ್ಸ್, ಅವರು ಆಬ್ಲನ್. ಕೊಮೇರ್ ತಗೊಂಡರೆ ಕೋಮೊ, ಕೋಮೆಸ್, ಕೋಮೆ, ಕೊಮೇಮೊಸ್, ಕೊಮೇಯ್ಸ್, ಕೋಮೆನ್. ಬಿಬೀರ್ ತಗೊಂಡರೆ ಬೀಬೊ, ಬೀಬೆಸ್, ಬೀಬೆ, ಬಿಬೀಮೊಸ್, ಬಿಬೀಸ್, ಬೀಬೆನ್.

ಹದಿನೆಂಟು ಬಾಲ ಅಂತ ನೋಡಿದರೆ ಭಯ ಆಗುತ್ತೆ ನಿಜ. ಆದರೆ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು ಹೇಳಿಕೊಟ್ಟ ಹಾಗೆ ಬಿಡಿಸಿ ನೋಡಿ. ನಾವು 'ಮಾಡುತ್ತೇನೆ' ಅನ್ನೋದನ್ನು ಮಾಡು, ಉತ್ತ, ಏನೆ ಅಂತ ಮೂರು ತುಂಡು ಮಾಡ್ತಿದ್ವಿ ಅಲ್ವಾ? ಧಾತು ಒಂದು, ನಡುವೆ ಕಾಲ ಹೇಳುವ ತುಂಡು ಒಂದು, ಕೊನೆಗೆ ಯಾರು ಅಂತ ಹೇಳುವ ತುಂಡು ಒಂದು. ಸ್ಪ್ಯಾನಿಷ್‌ದನ್ನೂ ಹಾಗೇ ಕತ್ತರಿಸಬಹುದು. ಆಬ್ಲಸ್ ಅನ್ನೋದು ಆಬ್ಲ್, ಅ, ಸ್. ಕೋಮೆಸ್ ಅನ್ನೋದು ಕೋಮ್, ಎ, ಸ್. ನಡುವಿನ ಸ್ವರ ಬರೀ ಗುಂಪಿನ ಗುರುತು. ಕೊನೆಯ ತುಂಡು ಯಾರು ಅಂತ ಹೇಳುತ್ತೆ, ಅದು ಮೂರು ಗುಂಪಿಗೂ ಒಂದೇ. ನಾನು ಅಂದರೆ ಒ. ನೀನು ಅಂದರೆ ಸ್. ಅವನು, ಅವಳು, ಅದು ಅಂದರೆ ಏನೂ ಇಲ್ಲ, ಖಾಲಿ. ನಾವು ಅಂದರೆ ಮೊಸ್. ನೀವೆಲ್ಲ ಅಂದರೆ ಯ್ಸ್, ಬಿಬೀಸ್‌ನಲ್ಲಿ ಅದು ನಡುವಿನ ಈ ಜೊತೆ ಬೆರೆತಿದೆ. ಅವರು ಅಂದರೆ ನ್. 'ನಾನು' ರೂಪದಲ್ಲಿ ಮಾತ್ರ ನಡುವಿನ ಸ್ವರ ಮಾಯ ಆಗಿ ಒ ನೇರವಾಗಿ ಧಾತುವಿಗೆ ಅಂಟುತ್ತೆ.

ಹಾಗಾದರೆ ಬಿಬೀರ್ ಗುಂಪಿನಲ್ಲಿ ಒಂದು ಕಡೆ ಇ, ಇನ್ನೊಂದು ಕಡೆ ಎ ಯಾಕೆ ಬರುತ್ತೆ? ಪಟ್ಟಿ ಕೊಡುವವರು ಇದನ್ನು ವಿವರಿಸೋದು ಕಮ್ಮಿ, ಸುಮ್ನೆ ನೆನಪಿಟ್ಟುಕೊಳ್ಳಿ ಅಂತಾರೆ. ವಿಷಯ ಇಷ್ಟೇ: ಒತ್ತು ಆ ಸ್ವರದ ಮೇಲೆ ಬಿದ್ದರೆ ಇ ಉಳಿಯುತ್ತೆ, ಬಿಬೀಮೊಸ್, ಬಿಬೀಸ್. ಒತ್ತು ಧಾತುವಿನ ಮೇಲೆ ಹೋದರೆ ಇ ಸಡಿಲಾಗಿ ಎ ಆಗುತ್ತೆ, ಬೀಬೆಸ್, ಬೀಬೆ, ಬೀಬೆನ್. ಅಂದರೆ ಏರ್ ಗುಂಪಿಗೂ ಈರ್ ಗುಂಪಿಗೂ ವ್ಯತ್ಯಾಸ ಕಾಣೋದು 'ನಾವು' ಮತ್ತು 'ನೀವೆಲ್ಲ' ರೂಪಗಳಲ್ಲಿ ಮಾತ್ರ. ಹದಿನೆಂಟು ಹೋಗಿ ಎಲ್ಲಿಗೆ ಬಂತು ನೋಡಿ.

ಒತ್ತನ್ನು ಹಗುರವಾಗಿ ತಗೋಬೇಡಿ. ಕೊಂಪ್ರಾರ್ ಅಂದರೆ ಕೊಳ್ಳು. ಕೋಂಪ್ರೊ ಅಂದರೆ ನಾನು ಕೊಳ್ತೀನಿ. ಕೊಂಪ್ರೋ ಅಂತ ಕೊನೆಗೆ ಒತ್ತಿದರೆ ಅವನು ಕೊಂಡ ಅಂತ ಅರ್ಥ. ಆಳೂ ಬದಲು, ಕಾಲವೂ ಬದಲು. ಬರೆಯುವಾಗ ಕೊನೆಯ ಅಕ್ಷರದ ಮೇಲೆ ಒಂದು ಸಣ್ಣ ಗೆರೆ ಹಾಕಿ ತೋರಿಸ್ತಾರೆ. ಮಾತಿನಲ್ಲಿ ಗೆರೆ ಇರಲ್ಲ, ಕಿವಿಯೇ ಗತಿ.

ಯಾರ್ಡಿನಲ್ಲಿ ಕೂತಿದ್ದಾಗ ಉದಾಹರಣೆಗೆ ಬರ ಇರಲಿಲ್ಲ. ಪುಸ್ತಕದವರು ಕೊಡುವ 'ನಾನು ಬೀಚಿನಲ್ಲಿ ನಡೆಯುತ್ತೇನೆ, ಅವಳು ಗಿಟಾರ್ ನುಡಿಸುತ್ತಾಳೆ' ಇವೆಲ್ಲ ನಮಗೆ ಯಾಕೆ? ದಾವಣಗೆರೆಯಲ್ಲಿ ಮೆಕ್ಕೆಜೋಳ ಇದೆ. ಮೆಕ್ಕೆಜೋಳದ ತವರು ಮೆಕ್ಸಿಕೊ, ಸುಮಾರು 9000 ವರ್ಷಗಳ ಹಿಂದೆ ಅಲ್ಲಿನ ಜನ ಒಂದು ಕಾಡು ಹುಲ್ಲನ್ನು ಪಳಗಿಸಿ ಮಾಡಿದ ಬೆಳೆ ಅದು. ನಮ್ಮ ವ್ಯಾಪಾರವೆಲ್ಲ ಈಗ ಆ ಬೆಳೆಯ ಸುತ್ತಲೇ ಇರುವಾಗ ಅವರ ಭಾಷೆಗೂ ಅದನ್ನೇ ಹಿಡ್ಕೊಂಡು ಹೋಗೋದು ಸಲೀಸು. "ಅಲ್ಲೋ ತಮ್ಮ, ಮೆಕ್ಕೆಜೋಳಕ್ಕೆ ಅವರು ಏನಂತಾರೆ?" ಅಂತ ಅಣ್ಣ ಕೇಳಿದ. ಮಈಸ್ ಅಂದೆ. ಕ್ವಿಂಟಾಲಿಗೆ? ಕಿಂತಾಲ್. ಅವನಿಗೆ ಖುಷಿ ಆಯ್ತು, ಇದೇನು ನಮ್ಮ ತೂಕವೇ ಅಲ್ಲಿಗೂ ಹೋಗಿದೆಯಲ್ಲ ಅಂದ. ಹೋಗಿದ್ದಲ್ಲ, ಅರಬ್ಬಿಯಿಂದ ಯುರೋಪಿನ ಭಾಷೆಗಳಿಗೆ ಹೋಗಿ ಆಮೇಲೆ ನಮ್ಮಲ್ಲಿಗೆ ಬಂದ ಪದ ಅದು.

ಬೆಂದೇರ್ ಅಂದರೆ ಮಾರು. ಬೇಂದೊ ಮಈಸ್: ಮೆಕ್ಕೆಜೋಳ ಮಾರ್ತೀನಿ. ಬೆಂದೇಮೊಸ್ ದ್ಯೇಸ್ ಕಿಂತಾಲೆಸ್: ಹತ್ತು ಕ್ವಿಂಟಾಲ್ ಮಾರ್ತೀವಿ. ಸುಬೀರ್ ಅಂದರೆ ಏರು, ಬಹಾರ್ ಅಂದರೆ ಇಳಿ. ಎಲ್ ಪ್ರೇಸ್ಯೊ ಸೂಬೆ, ಎಲ್ ಪ್ರೇಸ್ಯೊ ಬಾಹ: ರೇಟು ಏರುತ್ತೆ, ರೇಟು ಇಳಿಯುತ್ತೆ. ಸೂಬೆ ಈರ್ ಗುಂಪು, ಬಾಹ ಆರ್ ಗುಂಪು, ಬಾಲ ನೋಡಿದರೇ ಗೊತ್ತಾಗುತ್ತೆ. ಸೆಕಾರ್ ಅಂದರೆ ಒಣಗಿಸು. ಸೆಕಾಮೊಸ್ ಎಲ್ ಮಈಸ್: ಮೆಕ್ಕೆಜೋಳ ಒಣಗಿಸ್ತೀವಿ. ಸುಗ್ಗಿಯಲ್ಲಿ ಹೆದ್ದಾರಿ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಹರವಿದ ಕಾಳಿನ ಮಧ್ಯೆ ಬೈಕ್ ಓಡಿಸಿದವರಿಗೆ ಈ ವಾಕ್ಯ ಮರೆಯಲ್ಲ.

ಈ ವಾಕ್ಯಗಳಲ್ಲಿ ಒಂದನ್ನು ಗಮನಿಸಿ. 'ನಾನು' ಎಲ್ಲೂ ಹಾಕಿಲ್ಲ, 'ನಾವು' ಕೂಡ ಇಲ್ಲ. ಸ್ಪ್ಯಾನಿಷ್‌ನಲ್ಲಿ ನಾನು ಅನ್ನೋಕೆ 'ಯೊ', ನಾವು ಅನ್ನೋಕೆ 'ನೊಸೋತ್ರೊಸ್' ಇವೆ, ಆದರೆ ಸುಮ್ಮನೆ ಎಲ್ಲ ಕಡೆ ಹಾಕಲ್ಲ. ನಾವೂ ಅಷ್ಟೇ. ಫೋನಿನಲ್ಲಿ 'ಬರ್ತೀನಿ' ಅಂದರೆ ಮುಗೀತು. 'ನಾನು ಬರ್ತೀನಿ' ಅಂದರೆ ಬೇರೆಯವರು ಬರಲ್ಲ, ನಾನು ಬರ್ತೀನಿ ಅನ್ನುವ ಒತ್ತು ಬರುತ್ತೆ. ಯೊ ಬೇಂದೊ ಅಂದರೂ ಅದೇ ಒತ್ತು. ಇಂಗ್ಲಿಷ್ ಮೂಲಕ ಕಲಿತವರು ಪ್ರತಿ ವಾಕ್ಯಕ್ಕೂ ಯೊ ಯೊ ಅಂತ ಹಚ್ಚುತ್ತಾರೆ, ಕೇಳುವವರಿಗೆ ಇವನೇನು ತನ್ನನ್ನೇ ಹೊಗಳಿಕೊಳ್ತಿದ್ದಾನಾ ಅನ್ನಿಸುತ್ತೆ. ಕನ್ನಡದವರು ಹಾಗೆ ಮಾಡಬೇಕಾದ ಕರ್ಮ ಇಲ್ಲ.

ನೀನು, ನೀವು ವಿಷಯಕ್ಕೆ ಬರೋಣ. ಇಲ್ಲೂ ನಾವು ಮುಂದೆ ಇದ್ದೀವಿ. ಸ್ಪ್ಯಾನಿಷ್‌ನಲ್ಲಿ ಗೆಳೆಯರಿಗೆ, ಮಕ್ಕಳಿಗೆ 'ತು'. ಹಿರಿಯರಿಗೆ, ಗುರುತಿಲ್ಲದವರಿಗೆ, ಆಫೀಸಿನ ದೊಡ್ಡವರಿಗೆ 'ಉಸ್ತೇದ್'. ಇಂಗ್ಲಿಷಿನವರಿಗೆ ಇದು ಹೊಸ ಸಂಕಟ, ನಮಗೆ ದಿನದ ಊಟ. ಆದರೆ ಒಂದು ತಿರುವು ಇದೆ. ಉಸ್ತೇದ್ ಜೊತೆ ಬರುವ ಬಾಲ 'ನೀನು' ಬಾಲ ಅಲ್ಲ, 'ಅವನು' ಬಾಲ. ಉಸ್ತೇದ್ ಆಬ್ಲ, ಉಸ್ತೇದ್ ಬೇಂದೆ, ಉಸ್ತೇದ್ ಬೀಬೆ. ಯಾಕಂದರೆ ಅದು ಹುಟ್ಟಿದ್ದೇ 'ಬುವೇಸ್ತ್ರ ಮೆರ್ಸೇದ್' ಅನ್ನುವ ಗೌರವದ ಮಾತಿನಿಂದ, 'ತಮ್ಮ ದಯೆ' ಅಂದ ಹಾಗೆ. ಎದುರಿಗೆ ಇರುವವರನ್ನೇ ಪಕ್ಕದಲ್ಲಿ ಇರುವವರ ಹಾಗೆ ಕರೆಯೋದು. ನಮ್ಮಲ್ಲೂ ಹಳೇ ಕಾಲದವರು ಎದುರಿಗೇ ನಿಂತು "ಗೌಡ್ರು ಯಾವಾಗ ಬರ್ತಾರೆ ಮನೆಗೆ?" ಅಂತ ಗೌಡರನ್ನೇ ಕೇಳೋದಿಲ್ವಾ? ಅದೇ ದಾರಿ.

ಬಹುವಚನದಲ್ಲಿ ಸ್ಪೇನಿನವರು ಗೆಳೆಯರ ಗುಂಪಿಗೆ 'ಬೊಸೋತ್ರೊಸ್' ಅಂತಾರೆ, ಆಗ ಅಬ್ಲಾಯ್ಸ್, ಕೊಮೇಯ್ಸ್, ಬಿಬೀಸ್ ಬರುತ್ತವೆ. ಲ್ಯಾಟಿನ್ ಅಮೆರಿಕದಲ್ಲಿ ಅದು ಬಳಕೆಯಲ್ಲಿಲ್ಲ. ಗೆಳೆಯರಿರಲಿ, ಗುರುಗಳಿರಲಿ, ಎಲ್ಲರಿಗೂ 'ಉಸ್ತೇದೆಸ್', ಜೊತೆಗೆ 'ಅವರು' ಬಾಲ: ಆಬ್ಲನ್, ಕೋಮೆನ್, ಬೀಬೆನ್. ಹಾಗಾಗಿ ನನಗೆ ಐದು ರೂಪ ಸಾಕು, ಸ್ಪೇನಿಗೆ ಹೋಗುವ ಅಕ್ಕನ ಮಗಳಿಗೆ ಆರೂ ಬೇಕು. ಅರ್ಜೆಂಟೀನಾದವರು ಬೇರೆಯೇ ಕತೆ. ಅವರು 'ತು' ಬಿಟ್ಟು 'ಬೋಸ್' ಅಂತಾರೆ, ಆಬ್ಲಸ್ ಬದಲು ಅಬ್ಲಾಸ್, ಕೋಮೆಸ್ ಬದಲು ಕೊಮೇಸ್. ಒತ್ತು ಮಾತ್ರ ಕೊನೆಗೆ ಸರಿಯುತ್ತೆ. ಇನ್ನು ಕೊಲಂಬಿಯಾದ ಬೊಗೋಟಾ ಕಡೆ ಮನೆಯವರೂ ಗೆಳೆಯರೂ ಒಬ್ಬರಿಗೊಬ್ಬರು ಉಸ್ತೇದ್ ಅನ್ನೋದು ಮಾಮೂಲು. ನಮ್ಮ ಕಡೆ ಮಗುವಿಗೂ "ಬರ್ರಿ, ಕುಂದರ್ರಿ" ಅನ್ನುವ ಮನೆಗಳಿಲ್ವಾ, ಹಾಗೆ.

ವರ್ತಮಾನ ಕಾಲದ ಬಳಕೆಯಲ್ಲಂತೂ ಕನ್ನಡಕ್ಕೂ ಸ್ಪ್ಯಾನಿಷ್‌ಗೂ ಇರುವ ಹೊಂದಾಣಿಕೆ ನೋಡಿದರೆ ಆಶ್ಚರ್ಯ ಆಗುತ್ತೆ. ನಾವು 'ದಿನಾ ಮೆಕ್ಕೆಜೋಳ ಮಾರ್ತೀನಿ' ಅಂತೀವಿ, 'ನಾಳೆ ಮಾರ್ತೀನಿ' ಅಂತಲೂ ಅಂತೀವಿ. ರೂಪ ಒಂದೇ, ನಾಳೆ ಅನ್ನುವ ಪದ ಕೆಲಸ ಮಾಡುತ್ತೆ. ಸ್ಪ್ಯಾನಿಷ್‌ನಲ್ಲೂ ಎಲ್ ಕಮ್ಯೋನ್ ಯೇಗ ಮನ್ಯಾನ ಅಂದರೆ ಲಾರಿ ನಾಳೆ ಬರುತ್ತೆ. ಭವಿಷ್ಯತ್ ಕಾಲ ಬೇರೆ ಇದೆ, ಆದರೆ ಇಂಥ ಕಡೆ ಅದನ್ನು ಎಳೆದು ತರಬೇಕಿಲ್ಲ. ಅಂದ ಹಾಗೆ ಮೆಕ್ಸಿಕೊದಲ್ಲಿ ಬಸ್ಸಿಗೂ ಕಮ್ಯೋನ್ ಅಂತಲೇ ಅಂತಾರೆ, ಲಾರಿ ಹತ್ತಿ ಆಫೀಸಿಗೆ ಬಂದೆ ಅಂತ ಸಹೋದ್ಯೋಗಿ ಹೇಳಿದರೆ ಗಾಬರಿ ಬೀಳಬೇಡಿ.

ಇನ್ನೊಂದು ಇನ್ನೂ ಚೆನ್ನಾಗಿದೆ. 'ಐದು ವರ್ಷದಿಂದ ದಾವಣಗೆರೆಯಲ್ಲಿ ಇದ್ದೀನಿ.' ಇದನ್ನು ಇಂಗ್ಲಿಷಿಗೆ ಹಾಕೋಕೆ ನಾವು ಶಾಲೆಯಲ್ಲಿ ಎಷ್ಟು ಒದ್ದಾಡಿದ್ದೀವಿ ನೆನಪಿದೆಯಾ? ಇದ್ದೀನಿ ಅಂತ ನೇರ ಹೇಳಿದರೆ ತಪ್ಪು, ಅದಕ್ಕೊಂದು ವಿಶೇಷ ಕಾಲ, ಮೂರು ಪದ ಜೋಡಿಸಬೇಕು. ಸ್ಪ್ಯಾನಿಷ್‌ನಲ್ಲಿ: ಆಸೆ ಸೀಂಕೊ ಆನ್ಯೊಸ್ ಕೆ ಬೀಬೊ ಎನ್ ದಾವಣಗೆರೆ. ಬೀಬೊ, ಅಷ್ಟೇ. ಸಾದಾ ವರ್ತಮಾನ. ಇಂಗ್ಲಿಷ್ ದಾರಿಯಲ್ಲಿ ಬಂದವರು ಆ ಮೂರು ಪದದ ಜೋಡಣೆಯನ್ನು ಸ್ಪ್ಯಾನಿಷ್‌ನಲ್ಲೂ ಹುಡುಕ್ತಾ ಕೂರ್ತಾರೆ. ನಮಗೆ ಹುಡುಕೋ ಕೆಲಸವೇ ಇಲ್ಲ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಗುಸ್ತಾರ್ ಅನ್ನುವ ಕ್ರಿಯಾಪದ. ರೂಪ ನೋಡಿದರೆ ಆರ್ ಗುಂಪಿನ ಸಾಧು ಪ್ರಾಣಿ, ಯಾವ ತಕರಾರೂ ಇಲ್ಲ. ಆದರೂ ಇಂಗ್ಲಿಷ್ ಪುಸ್ತಕಗಳು ಇದಕ್ಕೆ ಅಂತಲೇ ಬೇರೆ ಅಧ್ಯಾಯ ಇಟ್ಟು, ಇಲ್ಲಿ ವಾಕ್ಯ ತಲೆಕೆಳಗು, ಹುಷಾರು ಅಂತ ಎಚ್ಚರಿಕೆ ಕೊಡ್ತವೆ. ಯಾಕಂದರೆ ಅವರಲ್ಲಿ ನಾನು ದೋಸೆಯನ್ನು ಇಷ್ಟಪಡೋದು. ಸ್ಪ್ಯಾನಿಷ್‌ನಲ್ಲಿ ದೋಸೆ ನನಗೆ ಇಷ್ಟ ಆಗೋದು. ಮೆ ಗೂಸ್ತ ಲ ದೋಸ: ನನಗೆ ದೋಸೆ ಇಷ್ಟ ಆಗುತ್ತೆ. ಮೆ ಅಂದರೆ ನನಗೆ, ಗೂಸ್ತ ಅಂದರೆ ಇಷ್ಟ ಆಗುತ್ತೆ. ತಲೆಕೆಳಗು ಎಲ್ಲಿದೆ? ನಮ್ಮದೇ ವಾಕ್ಯ, ಪದಗಳ ಸಾಲು ಕೂಡ ಹೆಚ್ಚು ಕಮ್ಮಿ ನಮ್ಮದೇ. ದೋಸೆ ಒಂದಕ್ಕಿಂತ ಜಾಸ್ತಿ ಆದರೆ ಬಾಲ ದೋಸೆಗಳ ಜೊತೆ ಹೋಗುತ್ತೆ: ಮೆ ಗೂಸ್ತನ್ ಲಸ್ ದೋಸಸ್. ನಾವೂ 'ಆ ಸೀರೆಗಳು ನನಗೆ ಇಷ್ಟ ಆಗುತ್ತವೆ' ಅಂತ ಬರೆಯೋದಿಲ್ವಾ? ಬೆಣ್ಣೆ ದೋಸೆ ಊರಿನವರಿಗೆ ಈ ಬಹುವಚನ ಜಾಸ್ತಿ ಬೇಕಾಗುತ್ತೆ, ಒಂದಕ್ಕೆ ಯಾರು ನಿಲ್ಲಿಸ್ತಾರೆ.

ಗುಸ್ತಾರ್ ಒಂದೇ ಅಲ್ಲ. ಮೆ ಪರೇಸೆ ಅಂದರೆ ನನಗೆ ಅನ್ನಿಸುತ್ತೆ. ಮೆ ಫಾಲ್ತ ತ್ಯೇಂಪೊ ಅಂದರೆ ನನಗೆ ಟೈಮು ಸಾಲ್ತಿಲ್ಲ. ಎಲ್ಲ ಕಡೆ ನಮ್ಮ 'ಗೆ' ವಿಭಕ್ತಿಯ ವಾಸನೆ. ಇದನ್ನು ಮೊದಲ ಸಲ ನೋಡಿದಾಗ ಅಕ್ಕನ ಮಗಳು ನಕ್ಕಳು. "ಇದನ್ನ ಅರ್ಥ ಮಾಡ್ಕೊಳ್ಳೋಕೆ ವೀಡಿಯೊ ಮೇಲೆ ವೀಡಿಯೊ ನೋಡಿದೆ ಮಾಮ, ಕನ್ನಡದಾಗೇ ಐತಲ್ಲ!"

ಹಾಗಂತ ಕನ್ನಡವನ್ನು ಕಣ್ಣು ಮುಚ್ಚಿ ನಂಬಿದರೆ ಕೆಲವು ಕಡೆ ಹಳ್ಳಕ್ಕೆ ಬೀಳ್ತೀರಿ. ಗುಸ್ತಾರ್ ಕಲಿತ ಹುಮ್ಮಸ್ಸಿನಲ್ಲಿ ಎಲ್ಲ ಕಡೆ ಮೆ ಹಾಕೋದು ಮೊದಲ ಹಳ್ಳ. ನಾವು 'ನನಗೆ ಬೇಕು' ಅಂತೀವಿ, ಅವರು ನೆಸೆಸೀತೊ ಅಂತಾರೆ. ನೆಸೆಸಿತಾರ್‌ನ 'ನಾನು' ರೂಪ, ಮೆ ಇಲ್ಲ, ಗಿ ಇಲ್ಲ. 'ನನಗೆ ಅರ್ಥ ಆಗುತ್ತೆ' ಅನ್ನೋದು ಕೊಂಪ್ರೇಂದೊ. ಇಲ್ಲೂ 'ನನಗೆ' ಮಾಯ. ಮೆ ನೆಸೆಸೀತ ಅಂದರೆ ಅವನಿಗೆ ನಾನು ಬೇಕು ಅಂತ ಅರ್ಥ ಆಗಿ ಮಾತು ಎಲ್ಲಿಗೋ ಹೋಗುತ್ತೆ.

ಎರಡನೆಯದು ಅವನು, ಅವಳು. ನಮ್ಮ ಮಾಡ್ತಾನೆ, ಮಾಡ್ತಾಳೆ ಕೇಳಿದರೆ ಗಂಡಸೋ ಹೆಂಗಸೋ ಗೊತ್ತಾಗಿಬಿಡುತ್ತೆ. ಸ್ಪ್ಯಾನಿಷ್ ಬಾಲಕ್ಕೆ ಆ ಶಕ್ತಿ ಇಲ್ಲ. ತ್ರಬಹಾರ್ ಅಂದರೆ ಕೆಲಸ ಮಾಡು. ತ್ರಬಾಹ ಅಂದರೆ ಅವನೂ ಆಗಬಹುದು, ಅವಳೂ ಆಗಬಹುದು, ಎದುರಿಗೆ ನಿಂತ ನೀವೂ ಆಗಬಹುದು, ಮಿಷನ್ನೂ ಆಗಬಹುದು. ಹಾಗಾಗಿ ಈ ಒಂದು ರೂಪದಲ್ಲಿ ಗೊಂದಲ ಆಗುವ ಕಡೆ ಎಲ್ (ಅವನು), ಏಯ (ಅವಳು), ಉಸ್ತೇದ್ ಅಂತ ಬಿಡಿಸಿ ಹೇಳಬೇಕು. ನಾನು, ನೀನು ಬಿಡಬಹುದು, ಇಲ್ಲಿ ಬಿಡುವ ಮುಂಚೆ ಯೋಚಿಸಿ.

ಮೂರನೆಯದು ಇಲ್ಲ ಅನ್ನೋದು. ಕನ್ನಡದಲ್ಲಿ ಇಲ್ಲ ಅಂದ ತಕ್ಷಣ ಬಾಲ ಉದುರಿ ಹೋಗುತ್ತೆ. ನಾನು ಮಾರಲ್ಲ, ನೀನು ಮಾರಲ್ಲ, ಅವರು ಮಾರಲ್ಲ. ಎಲ್ಲರಿಗೂ ಒಂದೇ. ಎಷ್ಟು ಆರಾಮ! ಸ್ಪ್ಯಾನಿಷ್‌ನಲ್ಲಿ ಮುಂದೆ ಒಂದು 'ನೊ' ಸೇರಿಸ್ತಾರೆ, ಬಾಲ ಹಾಗೇ ಉಳಿಯುತ್ತೆ. ನೊ ಬೇಂದೊ, ನೊ ಬೇಂದೆಸ್, ನೊ ಬೇಂದೆನ್. ಆತುರದಲ್ಲಿ ಮಾತಾಡುವಾಗ ಕನ್ನಡದ ಅಭ್ಯಾಸ ಎಳೆದು 'ನೊ ಬೇಂದೆ' ಅಂತ ಎಲ್ಲರಿಗೂ ಅಂಟಿಸುವ ಸಾಧ್ಯತೆ ಇದೆ.

ನಾಲ್ಕನೆಯದು ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು, ಯಾಕಂದರೆ ಇದನ್ನು ಇಂಗ್ಲಿಷ್ ಪುಸ್ತಕ ಹೇಳೋಕೆ ಸಾಧ್ಯವೇ ಇಲ್ಲ, ಇದು ಬರೀ ನಮ್ಮಂಥವರ ಸಮಸ್ಯೆ. ನಾವು ಕೆಲಸಗಳನ್ನು ಸರಪಳಿ ಹಾಕ್ತೀವಿ. 'ಬೆಳಿಗ್ಗೆ ಎದ್ದು, ಟೀ ಕುಡಿದು, ಯಾರ್ಡಿಗೆ ಹೋಗಿ, ಕಾಳು ನೋಡಿ, ರೇಟು ಕೇಳಿ, ಮಾರ್ತೀನಿ.' ಅಷ್ಟು ಕ್ರಿಯೆಗಳಲ್ಲಿ ಯಾರು ಅಂತ ಹೇಳುವ ಬಾಲ ಇರೋದು ಕೊನೆಯದಕ್ಕೆ ಮಾತ್ರ. ಉಳಿದವೆಲ್ಲ ಎದ್ದು, ಕುಡಿದು, ಹೋಗಿ ಅಂತ ನೇತಾಡ್ತಿರ್ತವೆ, ಕೊನೆಗೆ ಮಾರ್ತೀನಿ ಅಂದಾಗ ಎಲ್ಲಕ್ಕೂ ಒಡೆಯ ಸಿಗುತ್ತಾನೆ. ಸ್ಪ್ಯಾನಿಷ್‌ನಲ್ಲಿ ಪ್ರತಿಯೊಂದಕ್ಕೂ ಬಾಲ ಕಟ್ಟಬೇಕು. ತೋಮೊ ತೇ, ಮೀರೊ ಎಲ್ ಮಈಸ್, ಪ್ರೆಗೂಂತೊ ಎಲ್ ಪ್ರೇಸ್ಯೊ ಇ ಬೇಂದೊ. ಟೀ ಕುಡಿತೀನಿ, ಕಾಳು ನೋಡ್ತೀನಿ, ರೇಟು ಕೇಳ್ತೀನಿ, ಮಾರ್ತೀನಿ. ನಾಲ್ಕು ಒ. ಕನ್ನಡದಲ್ಲಿ ಹೀಗೆ ಹೇಳಿದರೆ ಒಂದನೇ ಕ್ಲಾಸಿನ ಪಾಠದ ಹಾಗೆ ಕೇಳಿಸುತ್ತೆ, ಅಲ್ಲಿ ಅದೇ ಸಹಜ.

ಅದೇ 'ಮಾರಬೇಕು', 'ಕೊಳ್ಳಬೇಕು' ಥರದ್ದು ಬಂದರೆ ಆಟ ಬೇರೆ. ನೆಸೆಸೀತೊ ಬೆಂದೇರ್: ನಾನು ಮಾರಬೇಕಾಗಿದೆ. ದೇಬೊ ತ್ರಬಹಾರ್: ನಾನು ಕೆಲಸ ಮಾಡಬೇಕು. ಇಲ್ಲಿ ಎರಡು ಕ್ರಿಯಾಪದ ಅಂಟಿಕೊಂಡಿವೆ, ಬಾಲ ಮೊದಲನೆಯದಕ್ಕೆ ಮಾತ್ರ, ಎರಡನೆಯದು ನಿಘಂಟಿನಲ್ಲಿ ಇರುವ ಹಾಗೇ ಕೂತಿರುತ್ತೆ. ನಮ್ಮ ಬಾಲ ಕೊನೆಗೆ, ಅವರ ಬಾಲ ಮೊದಲಿಗೆ. ಇಷ್ಟು ತಲೆಯಲ್ಲಿ ಕೂತರೆ ವಾಕ್ಯ ತಾನಾಗಿ ನಿಲ್ಲುತ್ತೆ.

ಉಚ್ಚಾರಣೆ ಬಗ್ಗೆ ಜಾಸ್ತಿ ಹೇಳಲ್ಲ. ಅ, ಎ, ಇ, ಒ, ಉ ಐದೇ ಸ್ವರ, ನಮ್ಮ ಹಾಗೇ ಬಾಯಿ ತುಂಬಾ ಹೇಳಬೇಕು. ತ, ದ ನಮ್ಮವೇ, ಇಂಗ್ಲಿಷಿನ ಗಾಳಿ ತುಂಬಿದ ಟ ಅಲ್ಲ. ಬ ಮತ್ತು ವ ಎರಡಕ್ಕೂ ಅಕ್ಷರ ಬೇರೆ ಇದ್ದರೂ ಸದ್ದು ಒಂದೇ, ಅದಕ್ಕೇ ಬಿಬೀರ್ ಅಂತ ಬರೆದಿದ್ದು. ಬೇಬೊ ಅಂದರೆ ಕುಡಿತೀನಿ, ಬೀಬೊ ಅಂದರೆ ಬದುಕ್ತೀನಿ, ಎರಡರ ನಡುವೆ ಒಂದು ಸ್ವರದ ದೂರ. ಪ್ರಶ್ನೆ ಕೇಳೋಕೆ ನಮ್ಮ ಹಾಗೆ ಕೊನೆಗೆ 'ಆ' ಸೇರಿಸಲ್ಲ, ದನಿ ಏರಿಸ್ತಾರೆ ಅಷ್ಟೇ. ಬೇಂದೆಸ್ ಮಈಸ್? ಮೆಕ್ಕೆಜೋಳ ಮಾರ್ತೀಯಾ? ಉದ್ದ ವಾಕ್ಯ ಓದುವವರಿಗೆ ಇದು ಪ್ರಶ್ನೆ ಅಂತ ಮೊದಲೇ ಗೊತ್ತಾಗಲಿ ಅಂತ 1754ರಲ್ಲಿ ಸ್ಪೇನಿನ ಭಾಷಾ ಅಕಾಡೆಮಿ ವಾಕ್ಯದ ಮುಂದೆಯೂ ಒಂದು ತಲೆಕೆಳಗಾದ ಪ್ರಶ್ನಾರ್ಥಕ ಚಿಹ್ನೆ ಹಾಕಿ ಅಂತ ಹೇಳಿತು. ಒಳ್ಳೆ ಉಪಾಯ ಅಂತ ನನಗನ್ನಿಸುತ್ತೆ.

ಯಾವ ಗುಂಪಿಗೆ ಜಾಸ್ತಿ ಟೈಮ್ ಕೊಡಬೇಕು ಅಂತ ಕೇಳಿದರೆ ಆರ್ ಗುಂಪಿಗೆ. ಸ್ಪ್ಯಾನಿಷ್‌ನ ಅತಿ ಹೆಚ್ಚು ಕ್ರಿಯಾಪದ ಅದರಲ್ಲಿವೆ. ಹೊಸದಾಗಿ ಹುಟ್ಟುವವೂ ಅಲ್ಲಿಗೇ ಸೇರ್ತವೆ. ಚಾಟ್ ಮಾಡೋದು ಚತೆಯಾರ್, ಸ್ಕ್ಯಾನ್ ಮಾಡೋದು ಎಸ್ಕನೆಯಾರ್. ಚತೇಯೊ, ಚತೇಯಸ್, ಚತೇಯ, ಬಾಲ ಅದೇ. ನಾವು ಹಿಂದೆ ಸಂಸ್ಕೃತದ ಪದಕ್ಕೆ 'ಇಸು' ಅಂಟಿಸಿ ಚರ್ಚಿಸು, ಆರಂಭಿಸು ಅಂತ ಮಾಡ್ತಿದ್ವಿ, ಈಗ ಇಂಗ್ಲಿಷ್ ಪದಕ್ಕೆ 'ಮಾಡು' ಸೇರಿಸಿ ಕೈ ತೊಳ್ಕೊಳ್ತೀವಿ. ಅವರು ಇನ್ನೂ ಅಂಟಿಸ್ತಿದ್ದಾರೆ.

ಇದೆಲ್ಲ ನೆಟ್ಟಗೆ 'ನಿಯಮದಂತೆ' ನಡೆಯುವ ಕ್ರಿಯಾಪದಗಳ ಮಾತು. ಇರು, ಹೋಗು, ಬರು, ಹೇಳು ಅನ್ನುವ ದಿನಬಳಕೆಯವೇ ಅಲ್ಲಿ ನಿಯಮ ಮುರಿಯುತ್ತವೆ. ವರ್ತಮಾನ ಕಾಲದಲ್ಲಿ ಕನ್ನಡ ಅಷ್ಟು ಕಾಟ ಕೊಡಲ್ಲ, ಬರು ಕೂಡ ಬರುತ್ತೇನೆ ಅಂತ ಸುಮ್ನೆ ಹೋಗುತ್ತೆ, ನಮ್ಮ ಪುಂಡಾಟ ಏನಿದ್ದರೂ ಬಂದ, ತಂದ, ಕೊಟ್ಟ ಅಂತ ಭೂತಕಾಲದಲ್ಲಿ. ಸ್ಪ್ಯಾನಿಷ್‌ನಲ್ಲಿ ನಿಯಮ ಮುರಿಯುವವುಗಳ ಪಟ್ಟಿಯನ್ನು ಮೊದಲ ವಾರವೇ ತಲೆಗೆ ತುರುಕಿಕೊಳ್ಳಬೇಡಿ. ಆರ್ ಗುಂಪಿನ ಒಂದಿಷ್ಟು ಬಾಯಿಗೆ ಬಂದ ಮೇಲೆ ಅವನ್ನು ಒಂದೊಂದಾಗಿ ಸೇರಿಸಿಕೊಳ್ಳಿ.

ಕೈಯಾಡಿಸೋಕೆ ಕೆಲವು ವಾಕ್ಯ ಕೊಡ್ತೀನಿ, ಬಾಯಿಬಿಟ್ಟು ಹೇಳಿ. ನಾವು ದಾವಣಗೆರೆಯಲ್ಲಿ ವಾಸ ಮಾಡ್ತೀವಿ. ಅವರು ಮೆಕ್ಕೆಜೋಳ ಕೊಳ್ಳಲ್ಲ. ಸರ್, ನೀವು ಇಲ್ಲಿ ಕೆಲಸ ಮಾಡ್ತೀರಾ? ಟೀ ಕುಡಿದು, ಪೇಪರ್ ಓದಿ, ಅಂಗಡಿ ತೆಗೀತೀನಿ. ನನಗೆ ಹತ್ತು ಚೀಲ ಬೇಕು. ಇಲ್ಲಿ ಅನ್ನೋದಕ್ಕೆ ಅಕೀ, ಓದು ಲೆಯೇರ್, ಪೇಪರ್ ಪೆರ್ಯೋದಿಕೊ, ತೆಗೆ ಅಬ್ರೀರ್, ಅಂಗಡಿ ತ್ಯೇಂದ, ಚೀಲಗಳು ಸಾಕೊಸ್. ನಾಲ್ಕನೆಯದು ಮಾತ್ರ ಹೇಳಿಬಿಡ್ತೀನಿ: ತೋಮೊ ತೇ, ಲೇಯೊ ಎಲ್ ಪೆರ್ಯೋದಿಕೊ ಇ ಆಬ್ರೊ ಲ ತ್ಯೇಂದ. ಮೂರನೆಯದರಲ್ಲಿ ಸರ್ ಇದ್ದಾರೆ, ಬಾಲ ನೋಡಿಕೊಂಡು ಹಾಕಿ. ಐದನೆಯದನ್ನು ಮೆ ಅಂತ ಶುರು ಮಾಡಿದರೆ ಮೇಲಕ್ಕೆ ಹೋಗಿ ಮೊದಲ ಹಳ್ಳದ ಭಾಗವನ್ನು ಇನ್ನೊಂದು ಸಲ ಓದಿ.